ಮುಚ್ಚಳಿಕೆ ಬರೆಸಿ ಕಳಿಸಿದ ಮೇಲೆ ಏನಾಗುತ್ತದೆ?

ಇಂಡಿ, ಜಮಖಂಡಿ, ಅಥಣಿ, ಊರು ಯಾವುದೇ ಇರಲಿ. ಗಂಡ ಹೊಡೆದ ಅಂತ ಠಾಣೆಗೆ ಬಂದ ಹೆಣ್ಣುಮಗಳ ವಿಷಯ ಬಹಳ ಸಲ ಒಂದೇ ದಾರಿ ಹಿಡಿಯುತ್ತದೆ. ಮೊದಲು ಅರ್ಜಿ ಬರೆಸಿಕೊಳ್ಳುತ್ತಾರೆ. ಗಂಡನಿಗೆ ಫೋನ್ ಹೋಗುತ್ತದೆ. ಸಂಜೆಯೊಳಗೆ ಅವನು ಬರುತ್ತಾನೆ, ಜೊತೆಗೆ ಎರಡೂ ಕಡೆಯ ನಾಲ್ಕು ಮಂದಿ ಹಿರಿಯರು. ಸಾಹೇಬರು ಗದರಿಸುತ್ತಾರೆ. "ಇನ್ನೊಮ್ಮೆ ಕೈ ಎತ್ತಂಗಿಲ್ರಿ ಸಾಹೇಬ್ರ" ಅಂತ ಅವನು ತಲೆ ತಗ್ಗಿಸುತ್ತಾನೆ. "ಹೊಂದಿಕೊಂಡು ಹೋಗವಾ, ಮಕ್ಕಳ ಮಾರಿ ನೋಡು" ಅಂತ ಹಿರಿಯರು ಅವಳಿಗೆ ಹೇಳುತ್ತಾರೆ. ಒಂದು ಹಾಳೆಯಲ್ಲಿ ಮುಚ್ಚಳಿಕೆ ಬರೆಸಿ, ಇಬ್ಬರ ಸಹಿ ತಗೊಂಡು, ಒಂದೇ ಬೈಕಿನಲ್ಲಿ ಮನೆಗೆ ಕಳಿಸುತ್ತಾರೆ.

ಇದನ್ನು ಮಾಡುವವರು ಕೆಟ್ಟವರು ಅಂತಲ್ಲ. ಒಂದು ಸಂಸಾರ ಉಳಿಸಿದೆವು ಅಂತ ಅವರು ನಿಜವಾಗಿಯೂ ನಂಬಿರುತ್ತಾರೆ. ಆದರೆ ಆ ಹಾಳೆಗೆ ಕೋರ್ಟಿನ ಆದೇಶದ ಬಲ ಇಲ್ಲ. ಮುಂದಿನ ವಾರ ಅವನು ಮತ್ತೆ ಹೊಡೆದರೆ, ಮುಚ್ಚಳಿಕೆ ಮುರಿದ ಅನ್ನುವ ಕಾರಣಕ್ಕೇ ಅವನಿಗೆ ಶಿಕ್ಷೆ ಆಗುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಹಿರಿಯರು. ಮೂರನೇ ಸಲ ಬಂದಾಗ "ಎಷ್ಟ್ ಸಲ ಬರ್ತೀಯವಾ?" ಅನ್ನುವ ಮಾತು ಬೇರೆ.

ಅದೇ ಜಾಗದಲ್ಲಿ ಇನ್ನೊಂದು ಕಾಗದ ಇರಬಹುದಿತ್ತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಅದರ 18ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು. ಅದನ್ನು ಮುರಿದರೆ ಅದೇ ಒಂದು ಅಪರಾಧ. 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೆ ಜಾಮೀನು ಹಕ್ಕಿನಂತೆ ಸಿಗುವುದಿಲ್ಲ. ಅಂದರೆ ಎರಡನೇ ಏಟಿಗೆ ಮೊದಲೇ ತಡೆ ಹಾಕುವ ಕಾಗದ ಕಾನೂನಿನಲ್ಲಿ ಇದೆ. ನಮ್ಮ ಠಾಣೆಗಳು ಬರೆಸುವುದು ಮಾತ್ರ ಬೇರೆ ಕಾಗದ.

ನನ್ನ ವಾದ ಇಷ್ಟೇ. ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಜಿಲ್ಲೆಗಳಲ್ಲಿ ಕಾನೂನಿಗೆ ಕೊರತೆ ಇಲ್ಲ. ಹಿಂಸೆ ಉಂಡು ಬಂದವರನ್ನು ಎಲ್ಲಿ ಕೂರಿಸುತ್ತೇವೆ, ಯಾರ ಮುಂದೆ ಮಾತಾಡಿಸುತ್ತೇವೆ, ಎಷ್ಟು ಸಲ ಹೇಳಿಸುತ್ತೇವೆ, ಅವರ ಮಾತನ್ನು ಹೇಗೆ ಓದುತ್ತೇವೆ ಅನ್ನುವುದರಲ್ಲಿ ಕೊರತೆ ಇದೆ. ಆಘಾತ ಮನುಷ್ಯರನ್ನು ಏನು ಮಾಡುತ್ತದೆ ಅಂತ ಗೊತ್ತಿಲ್ಲದ ವ್ಯವಸ್ಥೆ, ಆಘಾತದ ಲಕ್ಷಣಗಳನ್ನೇ ಸುಳ್ಳಿನ ಲಕ್ಷಣ ಅಂತ ತಿಳಿಯುತ್ತದೆ.

ಮೊದಲು ಅಂಕಿಗಳನ್ನು ನೋಡಿಬಿಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಣ್ಣುಮಕ್ಕಳ ಪೈಕಿ ಗಂಡನಿಂದ ಹಿಂಸೆ ಆಗಿದೆ ಅಂದವರು ಕರ್ನಾಟಕದಲ್ಲಿ ಶೇ. 44.4. ದೇಶದ ಸರಾಸರಿ ಶೇ. 29.3. ಇದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ್ದು ಶೇ. 20.6 ಇತ್ತು. ನಾಲ್ಕು ವರ್ಷದಲ್ಲಿ ಹಿಂಸೆಯೇ ದುಪ್ಪಟ್ಟಾಯಿತು ಅಂತ ನಾನು ನಂಬುವುದಿಲ್ಲ. ಹೇಳಿಕೊಳ್ಳುವವರು ಜಾಸ್ತಿಯಾಗಿರಬಹುದು, ಕೇಳಿದ ರೀತಿ ಬದಲಾಗಿರಬಹುದು. ಲಾಕ್‌ಡೌನ್ ಮೇಲೆ ಹಾಕುವಂತೆಯೂ ಇಲ್ಲ, ಯಾಕಂದರೆ ಕರ್ನಾಟಕದಲ್ಲಿ ಸಮೀಕ್ಷೆ ನಡೆದದ್ದು 2019ರಲ್ಲೇ. ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಉಂಡವರ ಪೈಕಿ ಯಾರಲ್ಲಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಶೇ. 77 ಮಂದಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಹಾಗಾಗಿ ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಅಲ್ಲಿಗೆ ಬರುವಷ್ಟರಲ್ಲೇ ಬಹಳ ದೂರ ಬಂದಿರುತ್ತಾಳೆ. ಅವಳನ್ನು ವಾಪಸ್ ಕಳಿಸುವುದೆಂದರೆ ಮತ್ತೆ ಆ 77ರ ಗುಂಪಿಗೆ ಸೇರಿಸಿದಂತೆ.

ತಾರೀಖಿನ ಕಾಲಂ

2005ರ ಕಾಯ್ದೆಯ ಕೆಳಗೆ ಬರುವ ನಮೂನೆ 1ಕ್ಕೆ ಕೌಟುಂಬಿಕ ಘಟನಾ ವರದಿ ಅಂತ ಹೆಸರು. ಕಚೇರಿಯಲ್ಲಿ ಎಲ್ಲರೂ ಡಿಐಆರ್ ಅನ್ನುತ್ತಾರೆ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ, ವರದಕ್ಷಿಣೆಗೆ ಸಂಬಂಧಿಸಿದ ಹಿಂಸೆ ಅಂತ ಭಾಗಗಳಿವೆ. ಒಂದು ಕಾಲಂ ಹೀಗೆ ಕೇಳುತ್ತದೆ: ಹಿಂಸೆ ನಡೆದ ದಿನಾಂಕ, ಸ್ಥಳ, ಸಮಯ. ನಮೂನೆ ಮಾಡಿದವರ ತಪ್ಪಿಲ್ಲ. ಕೋರ್ಟಿಗೆ ಅದು ಬೇಕು. ಆದರೆ ಬಹಳ ಹೇಳಿಕೆಗಳು ದಾರಿ ತಪ್ಪುವುದು ಆ ಕಾಲಂನಲ್ಲೇ.

ವಿಪರೀತ ಭಯದಲ್ಲಿದ್ದಾಗ ಮೆದುಳು ಎಲ್ಲವನ್ನೂ ಸಾಲಾಗಿ ಬರೆದಿಡುವುದಿಲ್ಲ. ಒಂದೆರಡು ವಿವರ ಕಣ್ಣಿಗೆ ಕಟ್ಟಿದ ಹಾಗೆ ಉಳಿಯುತ್ತವೆ. ಹಿಂದುಮುಂದಿನ ಕ್ರಮ, ಹೊತ್ತು, ದಿನ ಕಳಚಿ ಹೋಗುತ್ತವೆ. "ಒಲಿ ಮ್ಯಾಲಿನ ಹಾಲು ಉಕ್ಕಿದ್ದು ನೆನಪೈತ್ರಿ, ಯಾವ ವಾರ ಅಂದ್ರ ಗೊತ್ತಿಲ್ಲ" ಅನ್ನುವ ಮಾತು ಹೀಗೆ ಬರುತ್ತದೆ. ವರ್ಷಗಟ್ಟಲೆ ನಡೆದ ಹಿಂಸೆಯಾದರೆ ಹತ್ತು ಘಟನೆ ಒಂದರೊಳಗೊಂದು ಕಲಸಿಹೋಗುತ್ತವೆ. ಕೆಲವರು ಹೇಳುವಾಗ ಅಳುವುದೇ ಇಲ್ಲ, ಯಾರದೋ ಕತೆ ಹೇಳಿದ ಹಾಗೆ ಹೇಳುತ್ತಾರೆ. ಕೆಲವರು ನಗುತ್ತಾರೆ. ಹೊಡೆಯುವಾಗ ಕೂಗಲಿಲ್ಲ, ಓಡಲಿಲ್ಲ, ಕೈಕಾಲು ಆಡಲಿಲ್ಲ ಅನ್ನುವುದೂ ಸಾಮಾನ್ಯ. ಇವೆಲ್ಲ ಮನೋವೈದ್ಯರಿಗೆ ಗೊತ್ತಿರುವ ಸಂಗತಿ. ಠಾಣೆಯ ರೈಟರಿಗೆ, ಸರ್ಕಾರಿ ವಕೀಲರಿಗೆ, ಕೆಲವೊಮ್ಮೆ ನ್ಯಾಯಾಧೀಶರಿಗೂ ಇದನ್ನು ಯಾರೂ ಕೂತು ಹೇಳಿರುವುದಿಲ್ಲ.

ಆಮೇಲೆ ಆಗುವುದೇನು? ಅರ್ಜಿಯಲ್ಲಿ ಒಂದು ದಿನಾಂಕ, ಡಿಐಆರ್‌ನಲ್ಲಿ ಇನ್ನೊಂದು, ಕೋರ್ಟಿನಲ್ಲಿ ಮತ್ತೊಂದು. ಪಾಟೀಸವಾಲಿನಲ್ಲಿ ಎದುರು ವಕೀಲರಿಗೆ ಇಷ್ಟು ಸಾಕು. ಅವರು ತಮ್ಮ ಕೆಲಸ ಮಾಡುತ್ತಾರೆ, ಅದು ಸರಿಯೇ. ಮೂರು ಕಡೆ ಮೂರು ಸಲ, ಮೂರು ಬೇರೆ ಜನರ ಮುಂದೆ, ಅವಸರದಲ್ಲಿ ಹೇಳಿಸಿದ್ದು ನಾವು. ವ್ಯತ್ಯಾಸ ಹುಟ್ಟಿಸಿದ್ದೂ ನಾವು.

ಇದನ್ನು ಸರಿಮಾಡಲು ದೊಡ್ಡ ತಂತ್ರಜ್ಞಾನ ಬೇಡ. ನಮ್ಮ ಕಡೆ ಜನ ದಿನವನ್ನು ಹೇಗೆ ನೆನಪಿಡುತ್ತಾರೆ ಅಂತ ಗೊತ್ತಿದ್ದರೆ ಸಾಕು. ಕಾರ ಹುಣ್ಣಿಮೆ ಆದ ಮೇಲೋ ಮೊದಲೋ? ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿದ್ರಾ? ಬನಶಂಕರಿ ಜಾತ್ರೆ ಹೊತ್ತಿಗೆ ಎಲ್ಲಿದ್ರಿ, ತವರಲ್ಲೋ ಗಂಡನ ಮನೆಯಲ್ಲೋ? ಕಬ್ಬಿನ ಹಂಗಾಮು ಶುರುವಾಗಿತ್ತಾ? ಗೋಡೆಯ ಮೇಲಿನ ಕ್ಯಾಲೆಂಡರನ್ನು ಇಳಿಸಿ ಅವಳ ಮುಂದೆ ಇಟ್ಟರೆ ಅವಳೇ ಬೆರಳು ತೋರಿಸುತ್ತಾಳೆ. "ಮೊದಲಿಂದ ಹೇಳು" ಅನ್ನುವುದಕ್ಕಿಂತ "ನಿನಗೆ ನೆನಪಿರೋದರಿಂದ ಶುರು ಮಾಡು" ಅನ್ನುವುದು ಒಳ್ಳೆಯದು. ದಿನ ಗೊತ್ತಾಗದಿದ್ದರೆ ಬಲವಂತವಾಗಿ ಒಂದು ತಾರೀಖು ತುಂಬಬಾರದು. "ಕಾರ ಹುಣ್ಣಿಮೆಯ ಆಸುಪಾಸು" ಅಂತಲೇ ಬರೆಯಲಿ. ನಿಜ ಅದೇ ತಾನೆ? ಹೇಳಿಕೆಯನ್ನು ಆಡಿಯೋ-ವಿಡಿಯೋದಲ್ಲಿ ದಾಖಲಿಸಲು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಡುತ್ತದೆ. ಒಮ್ಮೆ ಸರಿಯಾಗಿ ಕೇಳಿ ದಾಖಲಿಸಿದರೆ, ಮುಂದಿನವರು ಅದನ್ನು ಓದಿಕೊಂಡು ಬಿಟ್ಟುಹೋದದ್ದನ್ನು ಮಾತ್ರ ಕೇಳಬಹುದು.

"ಸುಳ್ಳು ಕೇಸು ಹಾಕ್ತಾರಲ್ಲ, ಅವರದೇನು?" ಅಂತ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಳ್ಳು ಕೇಸೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ಹೇಳಿಕೆ ಶಾಂತವಾಗಿ, ಪೂರ್ತಿಯಾಗಿ ದಾಖಲಾದರೆ ನಿರಪರಾಧಿ ಗಂಡನಿಗೂ ಅದರಿಂದಲೇ ಅನುಕೂಲ. ಆಮೇಲೆ ವಕೀಲರ ಆಫೀಸಿನಲ್ಲಿ ಸೇರಿಕೊಳ್ಳುವ ಮಾತು ಯಾವುದು ಅಂತ ಎದ್ದು ಕಾಣುತ್ತದೆ. ಜೊತೆಗೆ ಇದನ್ನೂ ನೆನಪಿಡಬೇಕು. 2005ರ ಕಾಯ್ದೆ ಬಹುಮಟ್ಟಿಗೆ ಸಿವಿಲ್ ಪರಿಹಾರದ ಕಾಯ್ದೆ. ಅರ್ಜಿ ಹಾಕಿದ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಹೊಡೆಯಬೇಡ, ಮನೆಯಿಂದ ಹೊರಗೆ ಹಾಕಬೇಡ, ಖರ್ಚಿಗೆ ಕೊಡು ಅನ್ನುತ್ತದೆ. ಗಂಡ, ಅವನ ಮನೆಯವರು ಮಾಡುವ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಹಳೆಯ 498ಎ, ಅಂದರೆ ಈಗಿನ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ಬೇರೆಯದೇ ದಾರಿ.

ವಂಟಮೂರಿಯಲ್ಲಿ ಹೈಕೋರ್ಟ್ ಹಾಕಿದ ಬಾಗಿಲು

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮೂರಿಯಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಮಗ ಪ್ರೀತಿಸಿದ ಹುಡುಗಿಯ ಜೊತೆ ಓಡಿಹೋದ ಅನ್ನುವ ಸಿಟ್ಟಿಗೆ ತಾಯಿಯನ್ನು ಬೆತ್ತಲೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತಿದ್ದ ದಿನಗಳವು. ಮನೆಯೊಳಗಿನ ಹಿಂಸೆಗೂ ಇದಕ್ಕೂ ನಂಟಿದೆ. ಮಕ್ಕಳು ಮಾಡಿಕೊಂಡ ಮದುವೆಗೆ, ಮನೆತನದ ಮರ್ಯಾದೆಗೆ ಶಿಕ್ಷೆ ಉಣ್ಣಬೇಕಾದದ್ದು ಹೆಣ್ಣಿನ ಮೈ ಅನ್ನುವ ಲೆಕ್ಕ ಎರಡೂ ಕಡೆ ಒಂದೇ.

ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನೋಡುತ್ತಾ ನಿಂತ ಜನರ ಬಗ್ಗೆ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಆಡಿದ ಕಟು ಮಾತು ಪತ್ರಿಕೆಗಳಲ್ಲಿ ಬಂತು. ಅಷ್ಟು ಗಮನಕ್ಕೆ ಬಾರದ ಇನ್ನೊಂದು ಆದೇಶವಿದೆ, ನನಗೆ ಅದೇ ದೊಡ್ಡದು. ಆಸ್ಪತ್ರೆಯಲ್ಲಿದ್ದ ಆ ತಾಯಿಯನ್ನು ನೋಡಲು ಪಕ್ಷದವರು, ಸಂಘಟನೆಯವರು, ಮಾಧ್ಯಮದವರು ಸಾಲುಗಟ್ಟಿದ್ದರು. ಎಲ್ಲರದೂ ಸಾಂತ್ವನವೇ. ಎಲ್ಲರೂ "ಏನಾಯ್ತಮ್ಮಾ?" ಅಂತ ಕೇಳುವವರೇ. ಹೀಗೆ ಮೇಲಿಂದ ಮೇಲೆ ಬರುವುದರಿಂದ ಅವರ ಆರೋಗ್ಯದ ಮೇಲೆ, ಮನಸ್ಸಿನ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅಂತ ಹೈಕೋರ್ಟ್ ವೈದ್ಯರ ಅನುಮತಿ ಇಲ್ಲದ ಭೇಟಿಗಳನ್ನು ತಡೆಯಿತು. ಮನೆಯವರಿಗೆ, ತನಿಖೆ ಮಾಡುವವರಿಗೆ ಅಡ್ಡಿ ಇರಲಿಲ್ಲ.

ಆಘಾತದ ಅರಿವಿರುವ ವ್ಯವಸ್ಥೆ ಅಂದರೆ ಏನು ಅಂತ ತರಬೇತಿಗಳಲ್ಲಿ ಸ್ಲೈಡ್ ಹಾಕಿ ಹೇಳುತ್ತಾರೆ. ಬೆಳಗಾವಿಯಲ್ಲಿ ಅದು ಆದೇಶದ ರೂಪದಲ್ಲೇ ಬಂದಿತ್ತು. ಸಹಾಯ ಮಾಡುತ್ತೇವೆ ಅಂತ ಬಂದವರಿಂದಲೂ ಗಾಯ ಆಗುತ್ತದೆ, ಅದಕ್ಕೆ ಮಿತಿ ಹಾಕುವುದು ಚಿಕಿತ್ಸೆಯ ಭಾಗವೇ. ಸುದ್ದಿಯಾದ ಒಂದು ಪ್ರಕರಣಕ್ಕೆ ಸಿಕ್ಕ ಈ ರಕ್ಷಣೆ ಸುದ್ದಿಯಾಗದವರಿಗೆ ಯಾವಾಗ ಸಿಗುತ್ತದೆ ಅನ್ನುವುದು ಪ್ರಶ್ನೆ. ತಾಲ್ಲೂಕು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದ ಸೊಸೆಯ ಮಂಚದ ಸುತ್ತ ಅತ್ತೆ, ನಾದಿನಿ, ಗಂಡ ಎಲ್ಲರೂ ನಿಂತಿರುವಾಗಲೇ ಪೊಲೀಸರು ಹೇಳಿಕೆ ಬರೆದುಕೊಳ್ಳುವುದುಂಟು.

ರಕ್ಷಣಾಧಿಕಾರಿ ಯಾರು ಗೊತ್ತಾ?

2005ರ ಕಾಯ್ದೆಯ ಕೇಂದ್ರದಲ್ಲಿರುವುದು ರಕ್ಷಣಾಧಿಕಾರಿ. ಡಿಐಆರ್ ತುಂಬುವುದು, ಕೋರ್ಟಿಗೆ ಕಳಿಸುವುದು, ಆಸ್ಪತ್ರೆ, ಆಶ್ರಯ, ವಕೀಲರ ನೆರವು ಕೊಡಿಸುವುದು, ಆದೇಶ ಜಾರಿಯಾಗುವಂತೆ ನೋಡುವುದು ಎಲ್ಲ ಅವರದೇ ಕೆಲಸ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹುದ್ದೆ ಸಿಡಿಪಿಓ ಹೆಗಲ ಮೇಲಿದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ನೇಮಕ, ಮೊಟ್ಟೆ ಪೂರೈಕೆ, ಕಟ್ಟಡ ರಿಪೇರಿ, ಬಾಲ್ಯವಿವಾಹ ತಡೆ, ಚುನಾವಣೆ ಬಂದರೆ ಅದರ ಡ್ಯೂಟಿ. ಇವೆಲ್ಲದರ ನಡುವೆ ರಕ್ಷಣಾಧಿಕಾರಿಯೂ ಅವರೇ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಎಸ್.ಸಿ. ಶರ್ಮಾ ಅವರ ಪೀಠ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಅಂತ ಎಲ್ಲ ರಾಜ್ಯಗಳಿಗೆ ಆರು ವಾರದ ಗಡುವು ಕೊಟ್ಟಿತು. ಒಳ್ಳೆಯದೇ. ಆದರೆ ನಮ್ಮಲ್ಲಿ ಹೆಸರು ಎಂದೋ ಆಗಿದೆ. ಹೆಸರಿನ ಹಿಂದೆ ಸಮಯ ಇಲ್ಲ, ಕೋಣೆ ಇಲ್ಲ. ರಿಜಿಸ್ಟರುಗಳ ಗಂಟುಗಳ ಪಕ್ಕ, ಸಹಿಗೆ ಕಾಯುವ ಅಂಗನವಾಡಿ ಕಾರ್ಯಕರ್ತೆಯರ ಎದುರಿಗೆ ಕೂತು, ಗಂಡ ರಾತ್ರಿ ಏನು ಮಾಡಿದ ಅಂತ ಯಾರು ಹೇಳುತ್ತಾರೆ? ಲೈಂಗಿಕ ಹಿಂಸೆಯ ಭಾಗ ಖಾಲಿ ಉಳಿದರೆ ಹಿಂಸೆ ಇರಲಿಲ್ಲ ಅಂತ ಅರ್ಥ ಅಲ್ಲ, ಬಾಗಿಲು ಇರಲಿಲ್ಲ ಅಂತ ಅರ್ಥ.

ಒಂದೇ ಸೂರಿನ ಕೆಳಗೆ ಎಲ್ಲ ಸಿಗಲಿ ಅಂತ 2015ರಲ್ಲಿ ಶುರುವಾದದ್ದು ಸಖಿ ಕೇಂದ್ರ. ಪೊಲೀಸ್, ವೈದ್ಯಕೀಯ, ಕಾನೂನು, ಆಪ್ತಸಮಾಲೋಚನೆ, ಐದು ದಿನದವರೆಗೆ ತಂಗಲು ಜಾಗ. ಕಲ್ಪನೆ ಚೆನ್ನಾಗಿದೆ. ಆದರೆ ಅದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿರುತ್ತದೆ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗಿಂತ ಜಾಸ್ತಿ. 2023ರ ಜೂನ್‌ನಿಂದ ಬಸ್ ಟಿಕೆಟ್ ಬೇಡ, ಅದು ಸಣ್ಣ ವಿಷಯ ಅಲ್ಲ. ಗಂಡನ ಕೈಯಲ್ಲಿ ದುಡ್ಡು ಕೇಳದೆ ಕೋರ್ಟಿನ ತಾರೀಖಿಗೆ ಹೋಗಿಬರುವುದು ಅದರಿಂದ ಸಾಧ್ಯವಾಗಿದೆ. ಆದರೆ ಬೆಳಗ್ಗೆ ಹೋಗಿ ಸಂಜೆ ಬರುವ ತನಕ ಮಕ್ಕಳನ್ನು ನೋಡುವವರು ಯಾರು, ಹೊಲದ ಆ ದಿನದ ಕೂಲಿ ಯಾರು ಕೊಡುತ್ತಾರೆ ಅನ್ನುವುದನ್ನು ಶಕ್ತಿ ಯೋಜನೆ ಬಗೆಹರಿಸುವುದಿಲ್ಲ.

ಇನ್ನು ಸಂಧಾನದ ಮಾತು. ಗಂಡ ಹೆಂಡಿರನ್ನು ಕೂರಿಸಿ ಮಾತಾಡಿಸಬಾರದು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಆಪ್ತಸಮಾಲೋಚನೆಗೆ ಅದರಲ್ಲೇ ಅವಕಾಶವಿದೆ. ಆದರೆ 2006ರ ನಿಯಮಗಳಲ್ಲಿ ಒಂದು ಮಾತಿದೆ. ತಾನು ಯಾಕೆ ಹೊಡೆದೆ ಅನ್ನುವ ಸಮರ್ಥನೆಗೆ ಆ ಮಾತುಕತೆಯಲ್ಲಿ ಜಾಗ ಇಲ್ಲ ಅಂತ ಶುರುವಾಗುವ ಮೊದಲೇ ಗಂಡನಿಗೆ ತಿಳಿಸಬೇಕು. ಇನ್ನು ಮೇಲೆ ಹಿಂಸೆ ಮಾಡುವುದಿಲ್ಲ ಅಂತ ಅವನು ಬರೆದುಕೊಡಬೇಕು. ನಮ್ಮ ಕಟ್ಟೆ ಪಂಚಾಯ್ತಿಯಲ್ಲಿ ನಡೆಯುವುದು ಇದರ ಉಲ್ಟಾ. ಮೊದಲ ಪ್ರಶ್ನೆಯೇ "ಯಾಕ್ ಹೊಡದ್ಯೋ?" ಆಮೇಲೆ ಅರ್ಧ ಗಂಟೆ ಅವನ ಕಾರಣಗಳು. ಹೇಳದೆ ತವರಿಗೆ ಹೋದಳು, ಫೋನಿನಲ್ಲಿ ಮಾತಾಡಿದಳು, ಅತ್ತೆಗೆ ಎದುರು ಮಾತಾಡಿದಳು. ಆ ಕಾರಣಗಳನ್ನು ತೂಗುತ್ತಾ ಕೂತ ಹಿರಿಯರು ಗೊತ್ತಿಲ್ಲದೆಯೇ ಒಂದು ಒಪ್ಪಿಗೆ ಕೊಟ್ಟುಬಿಡುತ್ತಾರೆ: ಕಾರಣ ಸರಿಯಿದ್ದರೆ ಹೊಡೆಯಬಹುದು. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಇಂಥ ಏಳು ಕಾರಣ ಕೊಟ್ಟು ಕೇಳಿದಾಗ, ಕರ್ನಾಟಕದಲ್ಲಿ ಶೇ. 76.9 ಹೆಂಗಸರು, ಶೇ. 81.9 ಗಂಡಸರು ಒಂದಾದರೂ ಕಾರಣಕ್ಕೆ ಹೊಡೆಯುವುದು ಸರಿ ಅಂದಿದ್ದರು. ಕಟ್ಟೆಯ ಮೇಲೆ ಕೂತವರು, ಠಾಣೆಯಲ್ಲಿ ಕೂತವರು, ಬರೆಯುವ ನಾನು, ಓದುವ ನೀವು ಎಲ್ಲರೂ ಈ ಲೆಕ್ಕದ ಊರಿನವರೇ.

ನಿಯಮಗಳಲ್ಲಿ ನಮೂನೆ 5 ಅಂತ ಒಂದಿದೆ, ಸುರಕ್ಷತಾ ಯೋಜನೆ. ಅವನು ಯಾವ ಹಿಂಸೆ ಮಾಡುತ್ತಾನೆ, ಅದರಿಂದ ಏನಾಗಿದೆ, ಅವಳಿಗೆ ಯಾವುದರ ಭಯ, ತಡೆಯಲು ಏನು ಬೇಕು ಅಂತ ಅವಳ ಜೊತೆ ಕೂತು ತುಂಬಬೇಕಾದ ಕೋಷ್ಟಕ. ತಡೆಗಟ್ಟುವುದು ಅಂದರೆ ನಿಜವಾಗಿ ಇದು. ಅವಳು ಇವತ್ತು ಮನೆ ಬಿಡಲ್ಲ ಅಂದರೂ ಇದನ್ನು ಮಾಡಬಹುದು. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಯಾರ ಮನೆಯಲ್ಲಿಡುವುದು, ರಾತ್ರಿ ಜಗಳ ಏರಿದರೆ ಪಕ್ಕದ ಯಾವ ಮನೆಯ ಬಾಗಿಲು ಬಡಿಯುವುದು, ಮಗನಿಗೆ 112 ಒತ್ತಲು ಬರುತ್ತದಾ, ಇಷ್ಟೇ. ಮುಚ್ಚಳಿಕೆ ಬರೆಯುವಷ್ಟೇ ಹೊತ್ತು ಬೇಕು. ಅವಳು ವಾಪಸ್ ಹೋಗುತ್ತಾಳೆ ಅಂತ ಸಿಟ್ಟಾಗುವ ಬದಲು, ಹೋದರೂ ಸುರಕ್ಷಿತವಾಗಿರಲಿ ಅಂತ ಯೋಚಿಸಿದರೆ ಅವಳು ಮತ್ತೆ ಬರುತ್ತಾಳೆ.

ಬಚ್ಚಲಲ್ಲಿ ಜಾರಿ ಬಿದ್ದವರು

ಠಾಣೆಗೆ ಹೋಗದವರು ಆಸ್ಪತ್ರೆಗಂತೂ ಹೋಗುತ್ತಾರೆ. "ಬಚ್ಚಲದಾಗ ಜಾರಿ ಬಿದ್ದೆ" ಅನ್ನುತ್ತಾರೆ. ಕೇಳುವ ನರ್ಸಿಗೂ ಗೊತ್ತು, ಬರೆಯುವ ಡಾಕ್ಟರಿಗೂ ಗೊತ್ತು. ಗಂಡ ಪಕ್ಕದಲ್ಲೇ ನಿಂತಿರುವಾಗ ಬೇರೆ ಉತ್ತರ ಬರಲಾರದು, ಅಲ್ವಾ? ಅವನನ್ನು ಚೀಟಿ ಮಾಡಿಸಲು ಕಳಿಸಿ, ಪರದೆ ಎಳೆದು, "ಮನೆಯಾಗ ಯಾರರ ಕೈ ಮಾಡ್ತಾರೇನವಾ?" ಅಂತ ಮೆಲ್ಲಗೆ ಕೇಳುವುದಕ್ಕೆ ಎರಡು ನಿಮಿಷ ಸಾಕು. ಹೇಳಿದರೆ ನಂಬಬೇಕು, ಒತ್ತಾಯ ಮಾಡಬಾರದು, ಇವತ್ತು ಮನೆಗೆ ಹೋಗುವುದು ಸುರಕ್ಷಿತವಾ ಅಂತ ಕೇಳಬೇಕು, ಮುಂದಿನ ದಾರಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಪ್ರಾಥಮಿಕ ನೆರವು ಅನ್ನುವುದು ಹೆಚ್ಚುಕಡಿಮೆ ಇದನ್ನೇ.

ಇದು ಕನಸಿನ ಮಾತಲ್ಲ. ಮುಂಬೈ ಮಹಾನಗರ ಪಾಲಿಕೆಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ರಲ್ಲೇ 'ದಿಲಾಸಾ' ಅನ್ನುವ ಕೇಂದ್ರ ಶುರುವಾಯಿತು. ಆಸ್ಪತ್ರೆಯ ಸಿಬ್ಬಂದಿಯೇ ಹಿಂಸೆಯ ಗುರುತು ಹಿಡಿದು ಸಮಾಲೋಚಕರ ಹತ್ತಿರ ಕಳಿಸುವ ಪದ್ಧತಿ ಅದು. ಆಮೇಲೆ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಕೇರಳದಲ್ಲಿ 'ಭೂಮಿಕಾ' ಹೆಸರಿನಲ್ಲಿ ಇಂಥದ್ದೇ ಇದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ನರ್ಸಿಂಗ್ ಕಾಲೇಜುಗಳಂತೂ ಬೀದಿಗೊಂದು. ಕಲಿಸುವುದಕ್ಕೆ ಜಾಗ ಹುಡುಕಬೇಕಿಲ್ಲ.

ಒಂದು ವಿವರವನ್ನು ಮಾತ್ರ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಕಲಿಸಲೇಬೇಕು. ಕತ್ತು ಹಿಸುಕಿದ್ದನಾ ಅಂತ ಕೇಳುವುದು. ಹೊರಗೆ ಗಾಯ ಕಾಣದೇ ಇರಬಹುದು. ಧ್ವನಿ ಒಡೆದಿರುತ್ತದೆ, ನುಂಗಲು ನೋವಿರುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಇರಬಹುದು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗಂಡ ಅಥವಾ ಸಂಗಾತಿ ಹಿಂದೆ ಕತ್ತು ಹಿಸುಕಿದ್ದ ಹೆಂಗಸರು ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಜಾಸ್ತಿ ಇತ್ತು. ಇದನ್ನು ನಾವು "ಸಣ್ಣ ಗಾಯ" ಅಂತ ಬರೆದು ಮುಲಾಮು ಕೊಟ್ಟು ಕಳಿಸುತ್ತೇವೆ. ಬಿಟ್ಟು ಹೋಗುತ್ತೇನೆ ಅಂದ ಹೊತ್ತು, ಬಿಟ್ಟು ಹೋದ ಮೊದಲ ದಿನಗಳು ಕೂಡ ಬಹಳ ಅಪಾಯದವು. ಮುಚ್ಚಳಿಕೆ ಬರೆಸಿ ಒಂದೇ ಬೈಕಿನಲ್ಲಿ ಕಳಿಸುವುದು ಇಂಥ ಹೊತ್ತಿನಲ್ಲೇ.

ಕುಡಿತದ ಬಗ್ಗೆ ಎರಡು ಮಾತು. ಸಾರಾಯಿ ನಿಷೇಧವಾಗಿ 2007ರಿಂದ ಇಷ್ಟು ವರ್ಷ ಆಯಿತು, ಕುಡಿತ ನಿಂತಿಲ್ಲ. ಗಂಡ ಮೇಲಿಂದ ಮೇಲೆ ಅಮಲೇರುವಷ್ಟು ಕುಡಿಯುವ ಮನೆಗಳಲ್ಲಿ ಶೇ. 70 ಹೆಂಗಸರು ಹಿಂಸೆ ಉಂಡಿದ್ದಾರೆ ಅಂತ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ದೇಶದ ಲೆಕ್ಕ ಹೇಳುತ್ತದೆ. ಕುಡಿಯದವರ ಮನೆಯಲ್ಲಿ ಶೇ. 23. ಕುಡಿತ ಬಿಡಿಸಿದರೆ ಬಹಳಷ್ಟು ಕಡಿಮೆಯಾದೀತು, ಪೂರ್ತಿ ಹೋಗದು. "ಕುಡಿದಾಗ ಮಾತ್ರ ರೀ, ಇಲ್ಲಾಂದ್ರ ದೇವರಂಥಾವ" ಅನ್ನುವ ಅತ್ತೆಯ ಮಾತಿಗೆ ಆ 23 ಉತ್ತರ.

ಗುಳೆ ಹೋದಾಗ ಯಾವ ಠಾಣೆ?

ಈ ಮೂರು ಜಿಲ್ಲೆಗಳ ಬಗ್ಗೆ ಬರೆಯುವಾಗ ಕಬ್ಬನ್ನು ಬಿಟ್ಟು ಬರೆಯಲು ಆಗದು. ವಿಜಯಪುರದ ತಾಂಡಾಗಳಿಂದ, ಹಳ್ಳಿಗಳಿಂದ ಸಾವಿರಾರು ಕುಟುಂಬ ಕಬ್ಬು ಕಡಿಯಲು ಹೋಗುತ್ತವೆ. ಕೆಲವರು ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಕಡೆಗೆ, ಬಹಳ ಮಂದಿ ಮಹಾರಾಷ್ಟ್ರಕ್ಕೆ. ಹಂಗಾಮಿಗೆ ಮೊದಲೇ ಮುಕಾದಮನಿಂದ, ಅಂದರೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರನಿಂದ, ಮುಂಗಡ ತಗೊಂಡಿರುತ್ತಾರೆ. ಆ ಮುಂಗಡವನ್ನು ಬಹಳ ಕಡೆ ಕೊಡುವುದು ಗಂಡ ಹೆಂಡತಿಯ ಜೋಡಿಗೆ. ಒಬ್ಬಳೇ ಬಿಟ್ಟು ಬಂದರೆ ಜೋಡಿ ಮುರಿಯಿತು, ಸಾಲ ಉಳಿಯಿತು. ಹೊಡೆತ ತಿಂದವಳು ಗುಡಿಸಲು ಬಿಟ್ಟು ಹೊರಡದಂತೆ ಗಂಡ ಒಬ್ಬನೇ ಹಿಡಿದಿರುವುದಿಲ್ಲ. ಮುಕಾದಮ, ಜೊತೆಗೆ ಬಂದ ಗ್ಯಾಂಗು, ಊರಲ್ಲಿ ಮುಂಗಡದ ದುಡ್ಡಿನಲ್ಲಿ ಸಾಲ ತೀರಿಸಿಕೊಂಡ ಮಾವ, ಎಲ್ಲರೂ ಹಿಡಿದಿರುತ್ತಾರೆ. ಅಲ್ಲಿ ಅವಳಿಗೆ ಗೊತ್ತಿರುವ ಆಶಾ ಅಕ್ಕ ಇಲ್ಲ, ಅಂಗನವಾಡಿ ಟೀಚರ್ ಇಲ್ಲ, ಠಾಣೆಯ ಭಾಷೆಯೂ ಬೇರೆ.

ಕಾನೂನು ಇಲ್ಲಿ ನಾವು ಅಂದುಕೊಂಡದ್ದಕ್ಕಿಂತ ಉದಾರವಾಗಿದೆ. 2005ರ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅವಳು ತಾತ್ಕಾಲಿಕವಾಗಿ ಎಲ್ಲಿ ಉಳಿದಿದ್ದಾಳೋ ಅಲ್ಲಿಯ ಮ್ಯಾಜಿಸ್ಟ್ರೇಟರ ಹತ್ತಿರ ಅರ್ಜಿ ಹಾಕಬಹುದು. ಆದೇಶ ದೇಶದ ತುಂಬ ನಡೆಯುತ್ತದೆ. ಗಂಡನ ಮನೆ ಮಿರಜ್, ತವರು ಚಿಕ್ಕೋಡಿ ಆದರೆ ಚಿಕ್ಕೋಡಿಯಲ್ಲೇ ಹಾಕಬಹುದು. ಕ್ರಿಮಿನಲ್ ದೂರಿನ ವಿಷಯದಲ್ಲೂ, ಹೆಣ್ಣುಮಗಳು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. "ಇದು ನಮ್ಮ ಹದ್ದಿನಾಗ ಬರಂಗಿಲ್ಲ, ನಿನ್ನ ಗಂಡನ ಊರಿಗೆ ಹೋಗು" ಅನ್ನುವ ಉತ್ತರಕ್ಕೆ ಈಗ ಆಧಾರ ಇಲ್ಲ. ವಕೀಲರ ಫೀಸೂ ಚಿಂತೆ ಆಗಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181. ಗ್ಯಾಂಗು ಊರು ಬಿಡುವ ಮೊದಲು ಗರ್ಭಿಣಿಯರಿಗೆ ತಾಯಿ ಕಾರ್ಡು ತಪ್ಪದೆ ಒಯ್ಯಿರಿ ಅಂತ ಆಶಾ ಹೇಳುತ್ತಾಳಲ್ಲ, ಅದೇ ಹೊತ್ತಿಗೆ ಈ ನಂಬರುಗಳೂ ಹೋಗಲಿ.

ಪಕ್ಕದ ಮಹಾರಾಷ್ಟ್ರದಿಂದ ಒಂದು ವಿಷಯ ಕಲಿಯಬಹುದು. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬೈ ಪೊಲೀಸರ ಜೊತೆ ಸೇರಿ, ತರಬೇತಿ ಪಡೆದ ಸಮಾಜ ಕಾರ್ಯಕರ್ತರನ್ನು ಪೊಲೀಸ್ ವ್ಯವಸ್ಥೆಯೊಳಗೇ ಕೂರಿಸಿತು. ಅವರು ಪೊಲೀಸರಲ್ಲ, ಆದರೆ ಠಾಣೆಯ ಬಲ ಅವರ ಪಕ್ಕದಲ್ಲಿರುತ್ತದೆ. ಗದರಿಸಿ ರಾಜಿ ಮಾಡಿಸುವ ಮೊದಲು ಅವಳು ಒಬ್ಬಳೇ ಕೂತು ಮಾತಾಡಲು ಒಬ್ಬರು ಸಿಗುತ್ತಾರೆ. ನಮ್ಮಲ್ಲಿ 2000ದ ಹೊತ್ತಿಗೇ ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಾಂತ್ವನ ಯೋಜನೆ ಬಂತು, ಅನುಭವಿ ಸಮಾಲೋಚಕರೂ ತಯಾರಾದರು. ಅವರಲ್ಲಿ ಬಹುಮಂದಿ ಗೌರವಧನದ ಮೇಲೆ, ನಾಳೆ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಸ್ಥಿತಿಯಲ್ಲಿ ದುಡಿಯುವವರು. ದಿನವೂ ಇಂಥ ಕತೆ ಕೇಳುವವರ ಮನಸ್ಸೂ ಸವೆಯುತ್ತದೆ. ಠಾಣೆಯ ರೈಟರದ್ದೂ ಹಾಗೆಯೇ. "ಎಷ್ಟ್ ಸಲ ಬರ್ತೀಯವಾ?" ಅನ್ನುವ ಒರಟುತನದಲ್ಲಿ ಅರ್ಧ ಈ ದಣಿವೇ ಇರುತ್ತದೆ. ಅವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ನಂಬರ್ ಕೊಟ್ಟು ಸುಮ್ನೆ ಕೂರುವುದು ಸಾಲದು. ತಿಂಗಳಿಗೊಮ್ಮೆ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಯ ಕಡೆಯಿಂದ ಯಾರಾದರೂ ಬಂದು ಅವರ ಮಾತು ಕೇಳುವ ಏರ್ಪಾಡು ಬೇಕು.

ಇದೆಲ್ಲ ಆಗುತ್ತಿದೆಯಾ ಅಂತ ನೋಡುವ ಜಾಗವೂ ಜಿಲ್ಲೆಯಲ್ಲೇ ಇದೆ, ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆ. ಉಸ್ತುವಾರಿ ಸಚಿವರ ಮುಂದೆ ಮಳೆ, ಬಿತ್ತನೆ ಬೀಜ, ಕುಡಿಯುವ ನೀರು, ಅಂಗನವಾಡಿ ಕಟ್ಟಡ ಎಲ್ಲದರ ಲೆಕ್ಕ ಬರುತ್ತದೆ. ಕೌಟುಂಬಿಕ ಹಿಂಸೆಯ ಪ್ರಗತಿ ವರದಿಗೆ ಮೂರು ಕಾಲಂ ಸೇರಿಸಲಿ. ಅರ್ಜಿ ಸಲ್ಲಿಸಿದ ಎಷ್ಟು ದಿನಕ್ಕೆ ಮೊದಲ ವಿಚಾರಣೆ ಬಂತು? ಸಾಮಾನ್ಯವಾಗಿ ಮೂರು ದಿನದೊಳಗೆ ಬರಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಎಷ್ಟು ಜನಕ್ಕೆ ಸುರಕ್ಷತಾ ಯೋಜನೆ ತುಂಬಿದಿರಿ? ಒಮ್ಮೆ ಬಂದು ಹೋದವರಲ್ಲಿ ಎಷ್ಟು ಮಂದಿಗೆ ಆಮೇಲೆ ಫೋನ್ ಮಾಡಿ ವಿಚಾರಿಸಿದಿರಿ?

ಇದನ್ನು ಸರಿಯಾಗಿ ಮಾಡಿದ ತಾಲ್ಲೂಕಿನಲ್ಲಿ ಮೊದಲ ಒಂದೆರಡು ವರ್ಷ ದೂರುಗಳ ಸಂಖ್ಯೆ ಏರುತ್ತದೆ. ಕೇಳುವ ಕಿವಿ ಇದೆ ಅಂತ ಗೊತ್ತಾದರೆ ಬರುವವರು ಜಾಸ್ತಿಯಾಗುತ್ತಾರೆ. ಆ ಏರಿಕೆ ಕಂಡು "ನಿಮ್ಮ ತಾಲ್ಲೂಕಿನಲ್ಲೇ ಯಾಕೆ ಇಷ್ಟು ಕೇಸು?" ಅಂತ ಸಿಡಿಪಿಓಗೋ ಪಿಎಸ್ಐಗೋ ಸಭೆಯಲ್ಲಿ ನಿಲ್ಲಿಸಿ ಕೇಳಿದರೆ, ಮುಂದಿನ ಮೂರು ತಿಂಗಳಲ್ಲಿ ಸಂಖ್ಯೆ ಇಳಿಸಿ ತೋರಿಸುವುದು ಅವರಿಗೆ ಬಹಳ ಸುಲಭ. ನೋಟಿಸ್ ಕೊಡುವುದಾದರೆ ಸೊನ್ನೆ ಬರೆದು ತಂದ ತಾಲ್ಲೂಕಿಗೆ ಕೊಡಲಿ.